ಬಡವನಹಳ್ಳಿಯ ಬಿಸಿಲು ನಮ್ಮ ಸಭಾಭವನಕ್ಕೆ ಬಂದರೆ

ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ 2018ರಲ್ಲಿ ಆರಂಭವಾಯಿತು. ಅಲ್ಲಿನ ಗುಮ್ಮಟದೊಳಗೆ ಕುಳಿತವರಿಗೆ ಚಿತ್ರ ಎದುರಿಗೆ ಮಾತ್ರವಲ್ಲ, ತಲೆಯ ಮೇಲೂ ಅಕ್ಕಪಕ್ಕದಲ್ಲೂ ಕಾಣುತ್ತದೆ. ಈ ಅನುಭವವನ್ನು ಹೆಚ್ಚುಕಡಿಮೆ ಮೊಬೈಲಿನಲ್ಲೇ ಕೊಡುವುದು 360 ಡಿಗ್ರಿ ವಿಡಿಯೋ. ಒಂದಕ್ಕಿಂತ ಹೆಚ್ಚು ಮಸೂರಗಳಿರುವ ಕ್ಯಾಮರಾ ಸುತ್ತಲಿನದೆಲ್ಲವನ್ನೂ ಒಟ್ಟಿಗೆ ಚಿತ್ರೀಕರಿಸುತ್ತದೆ. ಕಣ್ಣಿಗೆ ಹೆಡ್‌ಸೆಟ್ ಧರಿಸಿ ತಲೆ ತಿರುಗಿಸಿದರೆ ನೋಟವೂ ಜೊತೆಗೇ ತಿರುಗುತ್ತದೆ.

ಇದರಿಂದ ಪರಿಸರಕ್ಕೇನು ಲಾಭ? ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಜೆರೆಮಿ ಬೈಲೆನ್ಸನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಸ್ವಾರಸ್ಯಕರವಾಗಿದೆ. ಕೆಲವರು ಹೆಡ್‌ಸೆಟ್ ಧರಿಸಿ, ಕೈಯಲ್ಲಿ ಅದುರುವ ಉಪಕರಣ ಹಿಡಿದು ಕಾಲ್ಪನಿಕ ಮರವೊಂದನ್ನು ಕಡಿದರು. ಉಳಿದವರು ಮರ ಕಡಿಯುವ ವಿವರಣೆಯನ್ನು ಓದಿದರು. ಬಳಿಕ ಚೆಲ್ಲಿದ ನೀರನ್ನು ಒರೆಸುವ ಸಂದರ್ಭ ಬಂದಾಗ, ಮರ ಕಡಿದವರು ಸುಮಾರು ಶೇ. 20ರಷ್ಟು ಕಡಿಮೆ ಕಾಗದದ ನ್ಯಾಪ್ಕಿನ್ ಬಳಸಿದರು. ಅಲ್ಲಿ ಉಪದೇಶ ಯಾರೂ ಮಾಡಿರಲಿಲ್ಲ!

ಕರಾವಳಿಯ ನಮಗೆ ಮಳೆ ಧಾರಾಳ. ಮಧುಗಿರಿ ತಾಲೂಕಿನ ಬಡವನಹಳ್ಳಿಯ ಸೀಮೆಯಲ್ಲಿ ಅದರ ಕಾಲು ಭಾಗವೂ ಬೀಳದು. ಬೇಸಾಯ ಬಹುಪಾಲು ಕೊಳವೆಬಾವಿಯನ್ನೇ ನಂಬಿದೆ. ಪಕ್ಕದ ಪಾವಗಡ ತಾಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ನಿರ್ಮಿಸಲಾಗಿದೆ. ಗುಂಡಿ ಒತ್ತಿದರೆ ಬೆಳಕು ಬರುತ್ತದೆಂದಷ್ಟೇ ತಿಳಿದ ನಮ್ಮ ಯುವಜನರನ್ನು ಆ ಫಲಕಗಳ ನಡುವೆ, ಬಳಿಕ ಬಡವನಹಳ್ಳಿಯ ಒಣ ಹೊಲವೊಂದರಲ್ಲಿ ಐದು ನಿಮಿಷ ನಿಲ್ಲಿಸಿದರೆ ಹೇಗಿದ್ದೀತು? ಅಂಕಿಸಂಖ್ಯೆಯ ಭಾಷಣಕ್ಕಿಂತ ಅದು ಮನಸ್ಸಿಗೆ ನಾಟೀತು ಎಂಬುದು ನಮ್ಮ ಅಭಿಪ್ರಾಯ.

ಕೊಳ್ಳುವುದು ಬರೇ ಹಣಕಾಸಿನ ವ್ಯವಹಾರವಲ್ಲ, ಅದೊಂದು ನೈತಿಕ ಕ್ರಿಯೆಯೂ ಹೌದೆಂದು ಜಗದ್ಗುರು 16ನೇ ಬೆನೆಡಿಕ್ಟರು 2009ರಲ್ಲಿ ಬೋಧಿಸಿದ್ದರು. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಅದನ್ನೇ ಮತ್ತೆ ನೆನಪಿಸಿದರು. ಆದರೆ ನೋಡಿ ಮರುಗುವುದೇ ಬದ್ಧತೆಯಲ್ಲ. ಕಣ್ಣೊರೆಸಿಕೊಂಡು ಹೊರಬಂದವರ ಕೈಗೆ ಪ್ಲಾಸ್ಟಿಕ್ ಲೋಟದಲ್ಲಿ ಶರಬತ್ತು ಕೊಟ್ಟರೆ ಎಲ್ಲವೂ ವ್ಯರ್ಥ.

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ಸೃಷ್ಟಿಯ ಕಾಲದ ನಡುವೆಯೇ ನಮ್ಮ ಮೊಂತಿ ಹಬ್ಬ ಬರುತ್ತದೆ. ಹಬ್ಬದ ಮುಂಚಿನ ಭಾನುವಾರ ಪೂಜೆಯ ಬಳಿಕ ಇಂಥ ವಿಡಿಯೋ ತೋರಿಸಬಹುದು. ಹೆಡ್‌ಸೆಟ್ ಇಲ್ಲದಿದ್ದರೆ ಮೊಬೈಲನ್ನೇ ಸುತ್ತ ತಿರುಗಿಸಿ ನೋಡಬಹುದು. ಹೆಡ್‌ಸೆಟ್ ಇದ್ದರೆ ಕುಳಿತೇ ನೋಡಲಿ, ಕೆಲವರಿಗೆ ತಲೆ ಸುತ್ತುತ್ತದೆ. ನೋಡಿದ ಕೂಡಲೇ ಪ್ರತಿ ಕುಟುಂಬ ತಾನು ಕೊಳ್ಳದೆ ಬಿಡುವ ಒಂದೇ ಒಂದು ವಸ್ತುವಿನ ಹೆಸರನ್ನು ಚೀಟಿಯಲ್ಲಿ ಬರೆದು ವಾಳೆಯ ಗುರಿಕಾರರಿಗೆ ಕೊಡಲಿ. ಅಕ್ಟೋಬರ್ 4ರಂದು, ಸಂತ ಫ್ರಾನ್ಸಿಸರ ಹಬ್ಬದ ದಿನ, ಗುರಿಕಾರರು ಚೀಟಿಗಳನ್ನು ಹಿಂದಿರುಗಿಸಿ ವಿಚಾರಿಸಬೇಕು.