ಕಿಟಕಿಯಿಂದ ಕಂಡ ಮೈದಾನ

ಟ್ರಿನಿಡಾಡ್ ದ್ವೀಪದ ಟುನಪುನ ಎಂಬ ಊರಿನಲ್ಲಿ, ಕುರ್ಚಿಯ ಮೇಲೆ ನಿಂತು ಕಿಟಕಿಯಿಂದ ಕ್ರಿಕೆಟ್ ನೋಡುತ್ತಿದ್ದ ಬಾಲಕನೊಬ್ಬನಿದ್ದ: 1901ರಲ್ಲಿ ಜನಿಸಿದ ಸಿ. ಎಲ್. ಆರ್. ಜೇಮ್ಸ್. ಆ ದ್ವೀಪದಲ್ಲಿ ಮೈಬಣ್ಣಕ್ಕೊಂದು ಆಟದ ಸಂಘ. ತರುಣ ಜೇಮ್ಸ್ ತಾವು ಕಪ್ಪು ಜನಾಂಗದವರಾಗಿದ್ದೂ, ಅವರದೇ ಆದ ಶಾನನ್ ಸಂಘವನ್ನು ಬಿಟ್ಟು, ಕಂದುಬಣ್ಣದ ಮಧ್ಯಮವರ್ಗದ ಮೇಪಲ್ ಸಂಘವನ್ನು ಸೇರಿದರು. ಆ ಆಯ್ಕೆ ತಮ್ಮನ್ನು ಸ್ವಜನರಿಂದ ದೂರ ಮಾಡಿತೆಂದು 1963ರ ‘ಬಿಯಾಂಡ್ ಎ ಬೌಂಡರಿ’ ಗ್ರಂಥದಲ್ಲಿ ಒಪ್ಪಿಕೊಂಡರು.

1958ರಲ್ಲಿ ತಾಯ್ನಾಡಿಗೆ ಮರಳಿದ ಅವರು ‘ದಿ ನೇಷನ್’ ಪತ್ರಿಕೆಯ ಸಂಪಾದಕರಾದರು. ವೆಸ್ಟ್ ಇಂಡೀಸ್ ತಂಡದ ನಾಯಕತ್ವ ಬಿಳಿಯರಿಗೇ ಏಕೆ ಮೀಸಲಾಗಬೇಕೆಂದು ಕೇಳಿ, ಫ್ರಾಂಕ್ ವೊರೆಲ್ಲರ ಪರವಾಗಿ ಪಟ್ಟುಹಿಡಿದು ಬರೆದರು. 1960ರಲ್ಲಿ ಆಸ್ಟ್ರೇಲಿಯಕ್ಕೆ ವೊರೆಲ್ಲರೇ ನಾಯಕರಾಗಿ ಹೊರಟರು. ಯೌವನದಲ್ಲಿ ಯಾರೊಡನೆ ಆಡಲು ಹಿಂಜರಿದಿದ್ದರೋ ಅವರ ಪರವಾಗಿ, ಅರುವತ್ತರ ಹೊಸ್ತಿಲಲ್ಲಿ, ಜೇಮ್ಸರ ಲೇಖನಿ ಆಡಿತು.