ಕನಸು ಜಾರುವಾಗ ಕೈ ಉಜ್ಜಿ

ತಬೂಕ್‌ನಲ್ಲಿ ನಾವು ಫಜ್ರ್ ಬಾಂಗಿಗೆ ಎದ್ದು ಮತ್ತೆ ಮಲಗಿದರೆ ಊರಿನ ಕನಸು ಬೀಳೋದು ಜಾಸ್ತಿ. ಕನಸಿನ ಆರ್‌ಇಎಂ ನಿದ್ದೆ ಬೆಳಗಿನ ಜಾವಕ್ಕೇ ಹೆಚ್ಚು, ಅದಕ್ಕೆ. ಅಂಗಳದಲ್ಲಿ ಅಮ್ಮ. "ಅರೆ, ಇದು ಕನಸು!" ಅಂತ ಹೊಳೆಯುತ್ತೆ. ಇದೇ ಲೂಸಿಡ್ ಕನಸು. ಹೊಳೆದ ಖುಷಿಗೇ ಎಚ್ಚರ ಆಗಿಬಿಡುತ್ತೆ, ಅಮ್ಮನ ಮಾತು ಅರ್ಧಕ್ಕೇ ನಿಲ್ಲುತ್ತೆ.

1975ರಲ್ಲಿ ಇಂಗ್ಲೆಂಡಿನ ಹಲ್‌ನಲ್ಲಿ ಅಲನ್ ವರ್ಸ್ಲಿ ಇಂಥ ಕನಸಿನೊಳಗಿಂದಲೇ ಕಣ್ಣು ಹೊರಳಿಸಿ ಸಂಶೋಧಕ ಕೀತ್ ಹರ್ನ್‌ಗೆ ಸಂಕೇತ ಕೊಟ್ಟಿದ್ದರು. ಕನಸನ್ನು ಹಿಡಿದಿಡುವ ಉಪಾಯ ಪರೀಕ್ಷಿಸಿದವರು ಅಮೆರಿಕದ ಸ್ಟೀಫನ್ ಲಬರ್ಜ್: ದೃಶ್ಯ ಮಸುಕಾದ ಕೂಡಲೇ ಕನಸಿನ ಕೈಗಳನ್ನು ಉಜ್ಜಿ, ಇಲ್ಲವೇ ಬುಗುರಿಯಂತೆ ಸುತ್ತಿ. ಸುತ್ತಿದರೆ ಕೆಲವೊಮ್ಮೆ ಜಾಗವೇ ಬದಲಾಗುತ್ತೆ. ಅಮ್ಮ ಬೇಕಿದ್ದರೆ ಕೈ ಉಜ್ಜೋದೇ ವಾಸಿ. ರಾತ್ರಿ ಪಾಳಿಯವರು ಮಾತ್ರ ಇದಕ್ಕಾಗಿ ಅಲಾರಂ ಇಟ್ಟು ಇರೋ ನಿದ್ದೆ ಕೆಡಿಸಿಕೊಳ್ಳಬೇಡಿ.