ಕಡಲ ಅಜ್ಜಿಯರು: ಓರ್ಕಾ ತಿಮಿಂಗಿಲಗಳಲ್ಲಿ ಮರಿಹಾಕುವ ವಯಸ್ಸು ಮತ್ತು ಮುಪ್ಪು

ಜಾನಪದ ಕ್ಷೇತ್ರಕಾರ್ಯದಲ್ಲಿ ತೊಡಗಿದವರಿಗೆ ಮುದುಕಿಯರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಹಾಡು, ಕಥೆ, ಒಗಟು, ಮನೆಮದ್ದು, ಬಾಣಂತನದ ಕ್ರಮ, ಬರಗಾಲದಲ್ಲಿ ತಿನ್ನಬಹುದಾದ ಗೆಡ್ಡೆಗೆಣಸುಗಳ ಗುರುತು, ಇವುಗಳ ಉತ್ತಮ ವಕ್ತೃಗಳು ಬಹುಪಾಲು ಹೆರುವ ವಯಸ್ಸನ್ನು ದಾಟಿದ ಹೆಂಗಸರೇ ಆಗಿರುತ್ತಾರೆ. ಆದರೆ ಜೀವವಿಜ್ಞಾನದ ಲೆಕ್ಕದಲ್ಲಿ ಈ ಮುದುಕಿ ಬಹುಕಾಲ ಒಂದು ಸಮಸ್ಯೆಯಾಗಿಯೇ ಉಳಿದಿದ್ದಳು. ಸಂತಾನವನ್ನು ಬಿಟ್ಟುಹೋಗುವ ಗುಣಗಳೇ ಮುಂದಿನ ಪೀಳಿಗೆಗಳಲ್ಲಿ ಉಳಿಯುತ್ತವೆ ಎಂಬುದು ವಿಕಾಸವಾದದ ಮೂಲಸೂತ್ರ. ಹಾಗಿದ್ದ ಮೇಲೆ ಹೆರುವುದನ್ನು ನಿಲ್ಲಿಸಿದ ಜೀವಿ ಮತ್ತೆ ಮೂವತ್ತು ನಲವತ್ತು ವರ್ಷ ಬದುಕುವುದಾದರೂ ಏತಕ್ಕೆ?

ಹೆಚ್ಚಿನ ಸಸ್ತನಿಗಳಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಕ್ಯಾಲಿಫೋರ್ನಿಯಾ ಕರಾವಳಿಯ ಆನೆಸೀಲ್ ಹೆಣ್ಣು ಮೂರು ನಾಲ್ಕನೆಯ ವರ್ಷಕ್ಕೆ ಮೊದಲ ಮರಿ ಹಾಕಿ, ಬದುಕಿರುವವರೆಗೆ ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಮರಿ ಹಾಕುತ್ತಲೇ ಹೋಗುತ್ತದೆ. ಮುಪ್ಪಿನಲ್ಲಿ ಫಲವಂತಿಕೆ ಕುಗ್ಗಬಹುದಾದರೂ ಮರಿಹಾಕುವ ಕಾಲವೂ ಬದುಕಿನ ಕಾಲವೂ ಒಟ್ಟಿಗೇ ಮುಗಿಯುತ್ತವೆ. ಕಾಡಿನಲ್ಲಾಗಲಿ ಕಡಲಿನಲ್ಲಾಗಲಿ ಇದೇ ಸಾಮಾನ್ಯ ನಿಯಮ. ಈ ನಿಯಮವನ್ನು ಮೀರಿದ ಕಡಲ ಸಸ್ತನಿಗಳೆಂದು ಖಚಿತವಾಗಿ ಗುರುತಿಸಲಾಗಿರುವುದು ಹಲ್ಲುಳ್ಳ ತಿಮಿಂಗಿಲಗಳ ಐದು ಜಾತಿಗಳನ್ನು ಮಾತ್ರ: ಓರ್ಕಾ, ಹುಸಿ ಓರ್ಕಾ, ಗಿಡ್ಡರೆಕ್ಕೆಯ ಪೈಲಟ್ ತಿಮಿಂಗಿಲ, ಬೆಲೂಗಾ ಮತ್ತು ನಾರ್ವಾಲ್. ೨೦೨೪ರಲ್ಲಿ ಪ್ರಕಟವಾದ ತುಲನಾತ್ಮಕ ಅಧ್ಯಯನವೊಂದರ ಪ್ರಕಾರ, ಈ ಜಾತಿಗಳ ಹೆಣ್ಣುಗಳಲ್ಲಿ ಮರಿಹಾಕುವ ಅವಧಿ ಕುಗ್ಗಿದ್ದಲ್ಲ; ಅದು ಇದ್ದಷ್ಟೇ ಇದ್ದು, ಅದರಾಚೆಗೆ ಆಯುಷ್ಯ ಸುಮಾರು ನಲವತ್ತು ವರ್ಷಗಳಷ್ಟು ಬೆಳೆದಿದೆ.

ಇವುಗಳ ವಯಸ್ಸು ತಿಳಿಯುವ ಬಗೆಯನ್ನು ಇಲ್ಲಿ ಹೇಳುವುದು ಅವಶ್ಯ. ಹಲ್ಲುಳ್ಳ ತಿಮಿಂಗಿಲದ ಹಲ್ಲನ್ನು ಕೊಯ್ದು ನೋಡಿದರೆ ಮರದ ಕಾಂಡದಲ್ಲಿರುವಂತೆ ಬೆಳವಣಿಗೆಯ ಪದರಗಳು ಕಾಣುತ್ತವೆ. ಜಪಾನಿನ ತೊಶಿಯೊ ಕಸುಯಾ ಮತ್ತು ಆಸ್ಟ್ರೇಲಿಯಾದ ಹೆಲೆನ್ ಮಾರ್ಷ್ ಅವರು ಜಪಾನಿನಲ್ಲಿ ಬೇಟೆಯಾದ ಪೈಲಟ್ ತಿಮಿಂಗಿಲಗಳ ಹಲ್ಲು ಮತ್ತು ಅಂಡಾಶಯಗಳನ್ನು ಹೀಗೆ ಪರೀಕ್ಷಿಸಿ, ೩೬ ವರ್ಷ ದಾಟಿದ ಗರ್ಭಿಣಿ ಒಂದೂ ಇಲ್ಲವೆಂದೂ ಅರವತ್ತು ದಾಟಿದ ಹೆಣ್ಣುಗಳು ಇವೆಯೆಂದೂ ೧೯೮೪ರಲ್ಲಿ ತೋರಿಸಿದರು. ಆದರೆ ಸತ್ತ ಪ್ರಾಣಿಯ ಹಲ್ಲು ವಯಸ್ಸನ್ನು ಹೇಳುತ್ತದೆಯೇ ಹೊರತು ಬಾಳನ್ನು ಹೇಳುವುದಿಲ್ಲ. ಅದಕ್ಕೆ ಬದುಕಿರುವ ಪ್ರಾಣಿಗಳನ್ನು ಹೆಸರು ಹಿಡಿದು, ವರ್ಷಗಟ್ಟಲೆ ಹಿಂಬಾಲಿಸಬೇಕಾಗಿತ್ತು.

ಅಂಥ ಕೆಲಸ ನಡೆದದ್ದು ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾ ಮತ್ತು ಅಮೆರಿಕದ ವಾಷಿಂಗ್ಟನ್ ರಾಜ್ಯಗಳ ಕಡಲಿನಲ್ಲಿ. ಅದರ ಹಿನ್ನೆಲೆ ಸುಖಕರವಾದುದಲ್ಲ. ೧೯೬೦ ಮತ್ತು ೭೦ರ ದಶಕಗಳಲ್ಲಿ ಪ್ರದರ್ಶನದ ಕೊಳಗಳಿಗಾಗಿ ಇಲ್ಲಿನ ಓರ್ಕಾ ಮರಿಗಳನ್ನು ಬಲೆ ಬೀಸಿ ಹಿಡಿಯಲಾಗುತ್ತಿತ್ತು. ಒಟ್ಟು ಎಷ್ಟು ಪ್ರಾಣಿಗಳಿವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಎಣಿಸುವ ಹೊಣೆ ಹೊತ್ತ ಕೆನಡಾದ ವಿಜ್ಞಾನಿ ಮೈಕೆಲ್ ಬಿಗ್ ಅವರು, ಬೆನ್ನಿನ ಈಜುರೆಕ್ಕೆಯ ಆಕಾರ ಮತ್ತು ಅದರ ಹಿಂದಿನ ಬೂದು ಮಚ್ಚೆಯಿಂದ ಪ್ರತಿಯೊಂದನ್ನೂ ಬೇರೆಯಾಗಿ ಗುರುತಿಸಬಹುದೆಂದು ಕಂಡುಕೊಂಡರು. ಅಮೆರಿಕದ ಭಾಗದಲ್ಲಿ ೧೯೭೬ರಿಂದ ಕೆನ್ ಬಾಲ್ಕೊಂಬ್ ಅವರು ಇದೇ ಕ್ರಮವನ್ನು ಕೈಗೊಂಡು, ೨೦೨೨ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಒಂದು ಅರ್ಥದಲ್ಲಿ ಇದು ವಂಶಾವಳಿಯನ್ನು ಬರೆದಿಡುವ ಕೆಲಸವೇ. ನಮ್ಮ ಹೆಳವರ ಚೋಪಡಿಗಳಲ್ಲಿರುವಂತೆ ಇಲ್ಲಿಯೂ ಹುಟ್ಟು, ಸಾವು ಮತ್ತು ಕುಟುಂಬಸಂಬಂಧಗಳು ದಾಖಲಾಗಿವೆ. ವ್ಯತ್ಯಾಸವೆಂದರೆ ಈ ವಂಶ ನಡೆಯುವುದು ತಾಯಿಯ ಕಡೆಯಿಂದ.

ಈ ದಾಖಲೆಯಿಂದ ತಿಳಿದುಬರುವ ಬಾಳಿನ ಕ್ರಮ ಹೀಗಿದೆ. ಹೆಣ್ಣು ಓರ್ಕಾ ಸುಮಾರು ಹದಿಮೂರು ಹದಿನೈದರ ಸುಮಾರಿಗೆ ಮೊದಲ ಮರಿ ಹಾಕುತ್ತದೆ. ಗರ್ಭಾವಧಿ ಹದಿನೇಳು ಹದಿನೆಂಟು ತಿಂಗಳು. ಮರಿಯಿಂದ ಮರಿಗೆ ಹಲವು ವರ್ಷಗಳ ಅಂತರ. ನಲವತ್ತರ ಸುಮಾರಿಗೆ ಮರಿಹಾಕುವುದು ನಿಲ್ಲುತ್ತದೆ. ಅನಂತರವೂ ಎಂಬತ್ತರವರೆಗೆ, ಅಪರೂಪಕ್ಕೆ ಅದಕ್ಕೂ ಆಚೆಗೆ ಅದು ಬಾಳಬಲ್ಲದು. ಗಂಡುಗಳ ಆಯುಷ್ಯ ಕಡಿಮೆ. ಬಹುಪಾಲು ಮೂವತ್ತರ ಆಸುಪಾಸಿನಲ್ಲಿ ಸಾಯುತ್ತವೆ. ಮುಖ್ಯವಾದ ಸಂಗತಿಯೆಂದರೆ, ಇಲ್ಲಿ ಮಗನೂ ಮಗಳೂ ಹುಟ್ಟಿದ ಗುಂಪನ್ನು ಬಿಡುವುದಿಲ್ಲ. ಗಂಡು ಬೇರೆ ಗುಂಪಿನ ಹೆಣ್ಣನ್ನು ಕೂಡಿ ಮತ್ತೆ ತಾಯಿಯ ಬಳಿಗೆ ಮರಳುತ್ತದೆ. ಆದ್ದರಿಂದ ಮಗಳ ಮರಿ ಅಜ್ಜಿಯ ಮಗ್ಗುಲಲ್ಲೇ ಬೆಳೆಯುತ್ತದೆ. ಮಗನ ಮರಿಯನ್ನು ಸಾಕುವ ಹೊರೆ ಮತ್ತೊಂದು ಕುಟುಂಬದ್ದು.

ಅಜ್ಜಿಯ ಉಪಯೋಗವನ್ನು ಕುರಿತ ಊಹೆ ಮೊದಲು ಹುಟ್ಟಿದ್ದು ಮನುಷ್ಯರನ್ನು ಕುರಿತು. ಅಮೆರಿಕದ ಜಾರ್ಜ್ ವಿಲಿಯಮ್ಸ್ ೧೯೫೭ರಲ್ಲಿ ಇದನ್ನು ಸೂಚಿಸಿದರು. ಅನಂತರ ತಾಂಜಾನಿಯಾದ ಹಡ್ಜಾ ಜನರ ನಡುವೆ ಕ್ಷೇತ್ರಕಾರ್ಯ ಮಾಡಿದ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು, ಗೆಡ್ಡೆ ಅಗೆಯುವ ಮುದುಕಿಯರ ದುಡಿಮೆಯಿಂದ ಮೊಮ್ಮಕ್ಕಳ ಹೊಟ್ಟೆ ತುಂಬುವುದನ್ನು ತೋರಿಸಿ ಅದಕ್ಕೆ ಬಲ ತಂದರು. ಓರ್ಕಾಗಳ ದಾಖಲೆ ಈ ಊಹೆಯನ್ನು ಒರೆಗೆ ಹಚ್ಚಲು ಅವಕಾಶ ಕೊಟ್ಟಿತು. ಮೂವತ್ತು ದಾಟಿದ ಗಂಡು ತಾಯಿಯನ್ನು ಕಳೆದುಕೊಂಡರೆ ಮುಂದಿನ ಒಂದು ವರ್ಷದಲ್ಲಿ ಅದು ಸಾಯುವ ಸಂಭವ ಸುಮಾರು ಹದಿನಾಲ್ಕು ಪಟ್ಟು ಹೆಚ್ಚುತ್ತದೆಂದು ೨೦೧೨ರ ಅಧ್ಯಯನ ತಿಳಿಸಿತು. ಅದೇ ವಯಸ್ಸಿನ ಹೆಣ್ಣಿನಲ್ಲಿ ಈ ಹೆಚ್ಚಳ ಮೂರು ಪಟ್ಟನ್ನೂ ಮುಟ್ಟುವುದಿಲ್ಲ. ಮೂವತ್ತು ದಾಟಿದ ದೈತ್ಯಗಾತ್ರದ ಗಂಡು ತಾಯಿಯಿಲ್ಲದೆ ಬಾಳಲಾರದೆಂಬುದು ಮೊದಲಿಗೆ ನಂಬಲು ಕಷ್ಟವಾಗುವ ಮಾತು. ೨೦೧೯ರ ಮತ್ತೊಂದು ಅಧ್ಯಯನದಂತೆ, ಮರಿಹಾಕುವ ವಯಸ್ಸು ದಾಟಿದ ಅಜ್ಜಿ ಸತ್ತ ಎರಡು ವರ್ಷಗಳೊಳಗೆ ಮೊಮ್ಮರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚು.

ಅಜ್ಜಿ ಮಾಡುವ ಕೆಲಸವೇನು? ಈ ಗುಂಪುಗಳ ಮುಖ್ಯ ಆಹಾರ ಚಿನೂಕ್ ಎಂಬ ಸಾಲ್ಮನ್ ಮೀನು. ಅದು ಕಡಲಿನಿಂದ ನದಿಗಳತ್ತ ಏರಿಬರುವ ಕಾಲ ಮತ್ತು ದಾರಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಬಾಲ್ಕೊಂಬ್ ಅವರ ತಂಡ ಚಿತ್ರೀಕರಿಸಿದ ನೂರಾರು ಗಂಟೆಗಳ ದೃಶ್ಯಗಳನ್ನು ಪರಿಶೀಲಿಸಿದಾಗ, ಗುಂಪಿನ ಮುಂಚೂಣಿಯಲ್ಲಿ ಈಜುವವು ಹೆಚ್ಚಾಗಿ ಮರಿಹಾಕುವುದು ನಿಂತ ಹೆಣ್ಣುಗಳೆಂಬುದು ೨೦೧೫ರಲ್ಲಿ ಗೊತ್ತಾಯಿತು. ಮೀನು ಕಡಿಮೆಯಾದ ವರ್ಷಗಳಲ್ಲಿ ಈ ಮುಂದಾಳುತನ ಇನ್ನಷ್ಟು ಎದ್ದುಕಾಣುತ್ತದೆ. ಹಿಡಿದ ಮೀನನ್ನು ಹರಿದು ಹಂಚುವುದೂ ಉಂಟು. ಎಂದೋ ಒಮ್ಮೆ ಬರುವ ಕೊರತೆಯ ವರ್ಷವನ್ನು ಹಿಂದೆ ಕಂಡು ಬದುಕಿದ ಪ್ರಾಣಿಯ ನೆನಪು ಇಡೀ ಗುಂಪಿನ ಬಂಡವಾಳವಾಗುತ್ತದೆ. ಬರಗಾಲದ ಗೆಡ್ಡೆಯ ಗುರುತು ಬಲ್ಲ ಮುದುಕಿಯನ್ನು ಕಂಡವರಿಗೆ ಇದು ಪರಿಚಿತವೇ.

ಇಷ್ಟರಿಂದಲೇ ಅಜ್ಜಿಯನ್ನು ತ್ಯಾಗಮೂರ್ತಿಯಾಗಿಸುವುದು ಸರಿಯಾಗಲಾರದು. ಸಹಾಯ ಮಾಡುವುದಷ್ಟೇ ಉದ್ದೇಶವಾಗಿದ್ದರೆ ತಾನೂ ಮರಿ ಹಾಕುತ್ತಲೇ ಸಹಾಯ ಮಾಡಬಹುದಿತ್ತಲ್ಲ. ಇದಕ್ಕೆ ಉತ್ತರ ದೊರೆತದ್ದು ಜಗಳದ ಲೆಕ್ಕದಲ್ಲಿ. ತಾಯಿ ಮಗಳು ಒಂದೇ ಕಾಲಕ್ಕೆ ಮರಿ ಹಾಕಿದರೆ, ತಾಯಿಯ ಮರಿ ಸಾಯುವ ಸಂಭವ ಮಗಳ ಮರಿಗಿಂತ ೧.೭ ಪಟ್ಟು ಹೆಚ್ಚೆಂದು ೨೦೧೭ರ ಅಧ್ಯಯನ ತೋರಿಸಿತು. ಸೋಲುವವಳು ತಾಯಿ, ಆದ್ದರಿಂದಲೇ ಹಿಂದೆ ಸರಿಯುವವಳೂ ಅವಳೇ. ಮನುಷ್ಯರ ವಿಷಯದಲ್ಲಿಯೂ ಕೆಲವು ವಿದ್ವಾಂಸರು ಇಂಥದೇ ಲೆಕ್ಕ ಮುಂದಿಟ್ಟಿದ್ದಾರೆ. ಅವರ ಪ್ರಕಾರ ಅಲ್ಲಿ ಸ್ಪರ್ಧೆ ನಡೆಯುವುದು ಅತ್ತೆ ಸೊಸೆಯರ ನಡುವೆ. ನಮ್ಮ ಗರತಿಯ ಹಾಡುಗಳಲ್ಲಿ ಅತ್ತೆಯ ಕಾಟಕ್ಕೆ ಇರುವ ಸ್ಥಾನವನ್ನು ಬಲ್ಲವರಿಗೆ ಈ ವಾದದಲ್ಲಿ ಕುತೂಹಲ ಹುಟ್ಟದಿರದು. ಓರ್ಕಾ ಕುಟುಂಬದಲ್ಲಿ ಸೊಸೆ ಮನೆಗೆ ಬರುವುದೇ ಇಲ್ಲವಾದ್ದರಿಂದ ಜಗಳ ತಾಯಿ ಮಗಳದು.

ಗಂಡುಮಕ್ಕಳ ಮೇಲಿನ ಒಲವಿಗೂ ಬೆಲೆ ತೆರಬೇಕಾಗುತ್ತದೆ. ಹಾಲು ಬಿಟ್ಟ ಒಂದೊಂದು ಗಂಡುಮರಿಯ ಪೋಷಣೆಯೂ ತಾಯಿ ಮತ್ತೊಂದು ಮರಿಯನ್ನು ಉಳಿಸಿಕೊಳ್ಳುವ ವಾರ್ಷಿಕ ಸಂಭವವನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆಂದು ೨೦೨೩ರಲ್ಲಿ ವರದಿಯಾಯಿತು. ಆದರೂ ತಾಯಿ ಈ ಬೆಲೆ ತೆರುವುದಕ್ಕೆ ಕಾರಣವಿದೆ. ದಕ್ಷಿಣದ ಸಮುದಾಯದಲ್ಲಿ ೧೯೯೦ರಿಂದೀಚೆಗೆ ಹುಟ್ಟಿ, ವಂಶವಾಹಿ ಪರೀಕ್ಷೆಗೆ ಒಳಪಟ್ಟ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ತಂದೆ ಎರಡೇ ಎರಡು ಹಿರಿಯ ಗಂಡುಗಳು. ಮಗ ಹಿರಿಯನಾಗುವವರೆಗೆ ಬದುಕಿದರೆ ತಾಯಿಯ ಸಂತತಿ ಬೇರೆ ಕುಟುಂಬಗಳ ಖರ್ಚಿನಲ್ಲಿ ಹಬ್ಬುತ್ತದೆ.

ಇದೇ ಕರಾವಳಿಯ ಉತ್ತರಕ್ಕೆ ಬಾಳುವ ಟ್ಲಿಂಗಿಟ್ ಮತ್ತು ಹೈಡಾ ಜನರಲ್ಲಿ ಓರ್ಕಾ ಕುಲಲಾಂಛನ. ಅವರದೂ ಮಾತೃವಂಶೀಯ ಸಮಾಜ. ತುಳುನಾಡಿನ ಅಳಿಯಸಂತಾನದಂತೆ ಅಲ್ಲಿಯೂ ಹಕ್ಕು ಸಾಗುವುದು ಸೋದರಮಾವನಿಂದ ಸೋದರಳಿಯನಿಗೆ. ಟ್ಲಿಂಗಿಟ್ ಕಥೆಯ ನಾಯಕ ನಾಟ್ಸಿಲಾನೇ ಹೆಂಡತಿಯ ಅಣ್ಣತಮ್ಮಂದಿರಿಂದ ಕಡಲ ಬಂಡೆಯೊಂದರ ಮೇಲೆ ಒಂಟಿಯಾಗಿ ಬಿಡಲ್ಪಡುತ್ತಾನೆ. ಪಾರಾಗಿ ಬಂದವನು ಒಂದೊಂದೇ ಮರದಲ್ಲಿ ಓರ್ಕಾಗಳನ್ನು ಕೆತ್ತಿ ನೀರಿಗೆ ಬಿಟ್ಟು ಸೋಲುತ್ತಾನೆ. ಕೊನೆಗೆ ಹಳದಿ ಸೀಡರಿನಲ್ಲಿ ಕೆತ್ತಿದವು ಜೀವ ತಳೆಯುತ್ತವೆ. ಅವು ಸೇಡು ತೀರಿಸಿದ ಮೇಲೆ, ಇನ್ನು ಮನುಷ್ಯರನ್ನು ಹಿಂಸಿಸಬಾರದೆಂದು ಕಟ್ಟಪ್ಪಣೆ ಮಾಡುತ್ತಾನೆ. ದಕ್ಷಿಣದ ಲಮ್ಮಿ ಜನರು ಓರ್ಕಾಗಳನ್ನು ಅಲೆಗಳ ಕೆಳಗಿನ ತಮ್ಮ ಬಂಧುಗಳೆಂದು ಕರೆಯುತ್ತಾರೆ. ಈ ಜನ ತಿಮಿಂಗಿಲದಿಂದ ಮಾತೃವಂಶೀಯತೆಯನ್ನು ಕಲಿತರೆನ್ನುವುದು ಆಧಾರವಿಲ್ಲದ ಮಾತಾದೀತು. ಆದರೆ ಇವು ಕುಟುಂಬವುಳ್ಳ ಜೀವಿಗಳೆಂಬ ತಿಳಿವಳಿಕೆ ಬಿಗ್ ಅವರ ಛಾಯಾಚಿತ್ರಗಳಿಗಿಂತ ಬಹಳ ಹಿಂದಿನದೆಂಬುದನ್ನು ಅಲ್ಲಗಳೆಯಲಾಗದು.

ಆ ತಿಳಿವಳಿಕೆಗೆ ಕಿವಿಗೊಡದೆ ದಕ್ಷಿಣದ ಸಮುದಾಯದಿಂದ ನಲವತ್ತಕ್ಕೂ ಹೆಚ್ಚು ಪ್ರಾಣಿಗಳನ್ನು, ಬಹುಪಾಲು ಎಳೆಯವನ್ನು, ಬಲೆಗಾರರು ಒಯ್ದರು ಅಥವಾ ಹಿಡಿಯುವಾಗ ಕೊಂದರು. ೧೯೭೦ರ ಆಗಸ್ಟಿನಲ್ಲಿ ಪೆನ್ ಕೋವ್‌ನಲ್ಲಿ ಸೆರೆಯಾದ ಟೋಕಿಟೇ ಎಂಬ ಹೆಣ್ಣು ಮಯಾಮಿಯ ಕೊಳದಲ್ಲಿ ಐದು ದಶಕ ಕಳೆದು ೨೦೨೩ರ ಆಗಸ್ಟಿನಲ್ಲಿ ಸತ್ತಿತು. ಅಂದು ಒಯ್ದ ಹೆಣ್ಣುಮರಿಗಳು ಕಡಲಿನಲ್ಲೇ ಉಳಿದಿದ್ದರೆ ಇಂದಿಗೆ ಅಜ್ಜಿಯರಾಗಿರುತ್ತಿದ್ದವು. ಈಗ ಆ ಸಮುದಾಯದಲ್ಲಿರುವುದು ಎಪ್ಪತ್ತರ ಆಸುಪಾಸಿನ ಪ್ರಾಣಿಗಳು. ಚಿನೂಕ್ ಮೀನೂ ಕ್ಷೀಣಿಸಿದೆ. ಅಜ್ಜಿಯ ನೆರವು ಹೆಚ್ಚು ಬೇಕಾಗುವುದು ಇಂಥ ಕಾಲದಲ್ಲಿಯೇ.

ವಯಸ್ಸಿನ ಬಗ್ಗೆ ಒಂದು ಎಚ್ಚರಿಕೆ. 'ಗ್ರ್ಯಾನಿ' ಎಂದು ಹೆಸರಾಗಿ, ೨೦೧೬ರಲ್ಲಿ ಕಣ್ಮರೆಯಾದ ಹೆಣ್ಣು ೧೯೧೧ರಲ್ಲಿ ಹುಟ್ಟಿದ್ದೆಂದು ಪತ್ರಿಕೆಗಳು ಬರೆದವು. ಅದು ಎಣಿಕೆ ಆರಂಭವಾಗುವ ಮೊದಲೇ ಹುಟ್ಟಿದ್ದರಿಂದ, ಮಗನೆಂದು ಭಾವಿಸಿದ್ದ ಗಂಡಿನ ವಯಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಲಾಗಿತ್ತು. ಆ ಗಂಡು ಅದರ ಮಗನಲ್ಲವೆಂದು ವಂಶವಾಹಿ ಪರೀಕ್ಷೆಯಿಂದ ತಿಳಿದ ಮೇಲೆ ನೂರೈದು ವರ್ಷದ ಮಾತಿಗೆ ಆಧಾರ ಉಳಿಯಲಿಲ್ಲ. ಐತಿಹ್ಯಗಳು ಬೆಳೆಯುವ ಬಗೆಗೆ ಇದೊಂದು ಒಳ್ಳೆಯ ಉದಾಹರಣೆ. ಈಗ ಪರಿಸ್ಥಿತಿ ಬದಲಾಗಿದೆ. ೧೯೭೬ರ ಸುಮಾರಿಗೆ, ಎಣಿಕೆಗಾರರ ಕಣ್ಣೆದುರಿಗೇ ಹುಟ್ಟಿದ ಹೆಣ್ಣುಗಳ ಪೀಳಿಗೆ ಐವತ್ತರ ಹೊಸ್ತಿಲಿಗೆ ಬಂದಿದೆ. ಅವುಗಳ ವಯಸ್ಸನ್ನು ಹೇಳಲು ಊಹೆ ಬೇಕಾಗಿಲ್ಲ. ಹುಟ್ಟಿದ ವರ್ಷ ದಾಖಲೆಯಲ್ಲಿಯೇ ಇದೆ.